ಧಾನ್ಯವಲ್ಲದ್ದು

ಹೋಟೆಲಿನ ಅಡುಗೆಮನೆಯ ಕಿಂಡಿಯ ಆಚೆ ಯಾರೋ ಇಡ್ಲಿಪಾತ್ರೆಯ ಮುಚ್ಚಳ ತೆಗೆಯುವುದಕ್ಕೂ ವಿಷ್ಣುತೀರ್ಥ ಅದರ ಮುಂದೆ ಬಂದು ನಿಲ್ಲುವುದಕ್ಕೂ ಸರಿಹೋಗಿ, ಅವನ ಕನ್ನಡಕ ಪೂರ್ತಿ ಮಸುಕಾಯಿತು. ತೆಗೆದು ಒರೆಸಿಕೊಳ್ಳಬೇಕು ಅನ್ನಿಸಲಿಲ್ಲ. ಎರಡು ವಾರದಿಂದ ಎಲ್ಲವನ್ನೂ ನೋಡಿ ನೋಡಿ ಸಾಕಾಗಿದ್ದವನಿಗೆ ಏನೂ ಕಾಣದ ಆ ಒಂದು ಗಳಿಗೆ ಹಿತವಾಗಿತ್ತು. ಭಾನುವಾರದ ಬೆಳಗಿನ ಗದ್ದಲ ಮಾತ್ರ ಕೇಳಿಸುತ್ತಿತ್ತು: ಲೋಟದ ಮೇಲೆ ಲೋಟ ಬೀಳುವ ಸದ್ದು, ವಡಪಳನಿಯ ಮುರುಗನ ದರ್ಶನ ಮುಗಿಸಿ ಹಣೆತುಂಬ ವಿಭೂತಿಯೊಡನೆ ಟಿಫಿನ್ನಿಗೆ ನುಗ್ಗಿದವರ ತಮಿಳು, ‘ಎರಡು ಪೊಂಗಲ್’ ಎಂದು ಕೂಗುವ ಕುಂದಾಪುರದ ದನಿ. ಪಕ್ಕದಲ್ಲಿ ಮಗ ಇದ್ದಾನೆಂದು ಅವನ ಬೆವರಿನ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಮೆಟ್ರೋದಲ್ಲಿ ಇಡೀ ದಾರಿ ಸತ್ಯಾತ್ಮ ಬಾಗಿಲ ಗಾಜಿಗೆ ಹಣೆಯೊತ್ತಿ ನಿಂತಿದ್ದ. ಇಳಿಯುವಾಗ ಗಾಜಿನ ಮೇಲೆ ಅವನ ಹಣೆಯ ಅಂಗಾರದ ಕಪ್ಪು ಗೆರೆ ಅಂಟಿಕೊಂಡಿತ್ತು. ಅದನ್ನು ಒರೆಸಬೇಕೋ ಬಿಡಬೇಕೋ ಎಂದು ವಿಷ್ಣುತೀರ್ಥ ಯೋಚಿಸುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು.

“ಜ್ಞಾಪಕ ಇದ್ಯೋ ಇಲ್ವೋ?” ಎಂದ, ಕನ್ನಡಕ ಒರೆಸುತ್ತ. “ಬಾಟ್ಲು ಕೈ ಜಾರ್ತು ಅನ್ನು. ಅಷ್ಟು ಸಾಕು, ಪೋದುಂ. ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಸೆರಿ” ಎಂದ ಮಗ. ಹದಿನೇಳು ವರ್ಷ ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಉತ್ತರ ಕೊಟ್ಟ ಹುಡುಗ. ಈ ಎರಡು ವಾರ ಅವನ ಬಾಯಿಂದ ಬಂದದ್ದು ಹೆಚ್ಚುಕಮ್ಮಿ ಇದೊಂದೇ ಮಾತು. ಸೆರಿ.

ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಹೋದ ಏಕಾದಶಿಯ ಸಂಜೆ ಬೆಸೆಂಟ್ ನಗರದ ಬೀಚಿನಲ್ಲಿ ಹನ್ನೆರಡನೇ ಕ್ಲಾಸಿನ ಮೂವರು ಹುಡುಗರು ಕುಡಿದಿದ್ದರು. ಸತ್ಯಾತ್ಮನ ಕೈಯಲ್ಲಿದ್ದ ಬಾಟಲು ರಜತನ ಎಡಗಣ್ಣಿಗೆ ಬಡಿದು ಒಡೆದಿತ್ತು. ರಜತ್ ಈ ಹೋಟೆಲಿನ ಮಾಲೀಕ ಮಧ್ವರಾಜನ ಒಬ್ಬನೇ ಮಗ. ಆಪರೇಷನ್ ಆಗಿದೆ, ದೃಷ್ಟಿ ಎಷ್ಟು ಮರಳುತ್ತದೆಂದು ಡಾಕ್ಟರು ಹೇಳುತ್ತಿಲ್ಲ. ರಜತನ ಮನೆಯವರು ಬರವಣಿಗೆಯಲ್ಲಿ ದೂರು ಕೊಟ್ಟರೆ ಸತ್ಯಾತ್ಮನಿಗೆ ಟಿ.ಸಿ. ಕೊಟ್ಟು ಕಳಿಸದೆ ದಾರಿಯಿಲ್ಲ, ಕೊಡದಿದ್ದರೆ ಪಬ್ಲಿಕ್ ಪರೀಕ್ಷೆ ಬರೆದುಕೊಳ್ಳಲಿ ಎಂದು ಶಾಲೆಯವರು ಜಾಣತನದಿಂದ ಚೆಂಡನ್ನು ಇತ್ತ ಉರುಳಿಸಿದ್ದರು. ಆ ಚೆಂಡು ಈಗ ಮಧ್ವರಾಜನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಎಲ್ಲೋ ಬಿದ್ದಿತ್ತು. ಅದನ್ನು ಬೇಡಿ ಒಯ್ಯುವುದಕ್ಕೆಂದೇ ವಿಷ್ಣುತೀರ್ಥ ಬಂದಿದ್ದ.

ಗಲ್ಲಾದಿಂದ ಎದ್ದು ಬಂದ ಮಧ್ವರಾಜನ ಹಣೆಯಲ್ಲೂ ಅಂಗಾರದ ಗೆರೆ ಮಾತ್ರ ಇತ್ತು, ಕೆಳಗೆ ಅಕ್ಷತೆಯ ಬೊಟ್ಟಿರಲಿಲ್ಲ. ಅದನ್ನು ಕಂಡದ್ದೇ ವಿಷ್ಣುತೀರ್ಥನ ಎದೆ ಹಗುರಾಯಿತು. ಈ ಮನುಷ್ಯನಿಗೂ ಇವತ್ತು ಉಪವಾಸ. ಊರಿಗೆಲ್ಲ ಇಡ್ಲಿ ತಿನ್ನಿಸಿ ತಾನು ನೀರು ಮುಟ್ಟದೆ ಕೂತಿದ್ದಾನೆ. ಒಂದೇ ದಿನ ಹಸಿಯುವವರು ಒಬ್ಬರ ಮೇಲೊಬ್ಬರು ದೂರು ಕೊಟ್ಟುಕೊಳ್ಳುತ್ತಾರೆಯೇ? ಹೀಗೆಂದುಕೊಂಡ ಮರುಕ್ಷಣ, ಏಕಾದಶಿಯನ್ನೇ ಆರಿಸಿ ಬಂದದ್ದು ಇದಕ್ಕೇ ಅಲ್ಲವೇ ಎಂದು ಒಳಗಿನಿಂದ ಯಾರೋ ಕೇಳಿದಂತಾಯಿತು. ಹೌದು, ಅದಕ್ಕೇ. ಹೋದ ಭಾನುವಾರವೂ ಬರಬಹುದಿತ್ತು.

“ಬನ್ನಿ ಮಾರಾಯ್ರೆ, ಒಳಗೆ ಕೂತ್ಕೊಳ್ಳುವ. ಇಲ್ಲಿ ಎಂತದೂ ಕೇಳುದಿಲ್ಲ” ಎಂದು ಮಧ್ವರಾಜ ಅವರನ್ನು ಫ್ಯಾಮಿಲಿ ರೂಮಿಗೆ ಕರೆದೊಯ್ದ. ತಣ್ಣಗಿನ ಕೋಣೆ, ಅಮೃತಶಿಲೆಯ ಮೇಜು. ಗೋಡೆಯ ಮೇಲೆ ಕಡಗೋಲು ಹಿಡಿದ ಕೃಷ್ಣ, ಅವನ ಕೆಳಗೆ ಕೈ ತೊಳೆಯುವ ಜಾಗಕ್ಕೆ ಬಾಣದ ಗುರುತು. ಇಬ್ಬರೂ ಇವತ್ತು ಕಾಫಿ ಕುಡಿಯುವವರಲ್ಲವಾದ್ದರಿಂದ ಮಾತಿಗೆ ಮುಂಚೆ ಕೈಗೆ ಏನೂ ಕೆಲಸವಿರಲಿಲ್ಲ. ವಿಷ್ಣುತೀರ್ಥ ಮೇಜಿನ ಮೇಲಿದ್ದ ನೀರಿನ ವರ್ತುಲವನ್ನು ಬೆರಳಿನಿಂದ ಅಗಲ ಮಾಡುತ್ತ ಕೂತ. ನುಂಗಂಬಾಕ್ಕಂನ ಆಫೀಸಿನಲ್ಲಿ ಅವನ ಕೆಲಸವೇ ಮುಂದಿನದನ್ನು ನೋಡುವುದು. ವಿಮೆ ಕೇಳಿ ಬಂದವರು ಎಷ್ಟು ಕಾಲ ಬಾಳಿಯಾರು ಎಂದು ಅಂದಾಜು ಕಟ್ಟುವುದು. ಕುಡಿತ ಉಂಟೇ ಎಂಬ ಪ್ರಶ್ನೆಗೆ ‘ಯಾವಾಗಲಾದರೊಮ್ಮೆ’ ಅನ್ನುವವನು ದಿನಾ ಕುಡಿಯುತ್ತಾನೆಂದೂ ‘ಇಲ್ಲವೇ ಇಲ್ಲ’ ಎಂದು ಗಟ್ಟಿಸಿ ಹೇಳುವವನು ನಿನ್ನೆ ಕುಡಿದಿದ್ದಾನೆಂದೂ ಅವನು ಹೊಸಬರಿಗೆ ಕಲಿಸಿಕೊಡುತ್ತಿದ್ದ. ಅಂಥವನೇ, ಮಗ ಕುಡಿದು ಮನೆಗೆ ಬಂದ ಸಂಜೆ ಬಚ್ಚಲಿನಿಂದ ತೇಲಿಬಂದ ವಾಸನೆಯನ್ನು ಕೆಮ್ಮಿನ ಔಷಧಿಯದ್ದೆಂದುಕೊಂಡು ಸಂಧ್ಯಾವಂದನೆ ಮುಂದುವರಿಸಿದ್ದ. ಅಂದುಕೊಂಡದ್ದೂ ಅಲ್ಲ, ಅಂದುಕೊಳ್ಳೋಣ ಎಂದು ತೀರ್ಮಾನಿಸಿದ್ದ. ಬಚ್ಚಲು ತೊಳೆದವಳು ಹೆಂಡತಿ ಜಯಲಕ್ಷ್ಮೀ. ಅವಳೂ ಏನೂ ಹೇಳಲಿಲ್ಲ. ಮಾರನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ದ್ವಾದಶಿಯ ಪಾರಣೆಗೆ ಮಗ ಮಿಂದು ಮಡಿಯುಟ್ಟು ಮಣೆಯ ಮೇಲೆ ಕೂತ, ತೀರ್ಥ ತೆಗೆದುಕೊಂಡ, ಅಗಸೆಸೊಪ್ಪಿನ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ. ಎಷ್ಟು ತಗ್ಗಿದ ತಲೆ, ಎಷ್ಟು ಶಾಂತ ಎಂದು ವಿಷ್ಣುತೀರ್ಥನಿಗೆ ಕಣ್ಣು ತುಂಬಿತ್ತು. ಆ ಹೊತ್ತಿಗೆ ರಜತನ ಕಣ್ಣಿನಿಂದ ಗಾಜಿನ ಚೂರು ತೆಗೆಯುತ್ತಿದ್ದರು.

“ಪೋಲೀಸು ಗೀಲೀಸು ಅಂತ ನಾವು ಹೋಗ್ಲಿಲ್ಲ” ಎಂದ ಮಧ್ವರಾಜ. “ಮಕ್ಕಳು. ನಮ್ಮವನೂ ಕುಡಿದಿದ್ದಾನಲ್ಲ. ಹಾಲು ಕುಡಿದವೇ ಬದುಕುದು ಕಷ್ಟ ಆಗಿರುವಾಗ ಈ ವಿಷ ಕುಡಿದವು ಎಂತ ಬದುಕ್ತವೆ ಹೇಳಿ. ನನಗೆ ಇಷ್ಟೇ. ನಿಮ್ಮ ಹುಡುಗ ಅವನ ಬಾಯಿಂದ ಅವ ಹೇಳ್ಬೇಕು, ಎಂತ ಆಯ್ತು ಅಂತ. ಆಮೇಲೆ ದೂರು ಇಲ್ಲ, ಎಂತದೂ ಇಲ್ಲ. ಪರೀಕ್ಷೆ ಬರೀಲಿ.”

ಇಷ್ಟು ಸುಲಭವೇ ಎಂದು ವಿಷ್ಣುತೀರ್ಥ ಬೆರಗಾದ. ಮಗನ ಮೊಣಕಾಲನ್ನು ಮೇಜಿನ ಕೆಳಗೆ ತನ್ನ ಮೊಣಕಾಲಿನಿಂದ ತಿವಿದ. ಸತ್ಯಾತ್ಮ ತಲೆಯೆತ್ತಲಿಲ್ಲ. ಶಾಲೆಯ ಕೌನ್ಸೆಲರ್ ಮುಂದೆಯೂ ಹೀಗೆಯೇ ಕೂತಿದ್ದ. ರಚನಾ ಎಂಬ ಆ ಚಿಕ್ಕ ವಯಸ್ಸಿನ ಹೆಂಗಸು, ಮಕ್ಕಳ ಕುರ್ಚಿಯೊಂದನ್ನು ವಿಷ್ಣುತೀರ್ಥನಿಗೆ ಕೊಟ್ಟು, ಅವನ ಮೊಣಕಾಲುಗಳು ಎದೆಗೆ ಬಂದು ತಾಗುವ ಹಾಗೆ ಕೂರಿಸಿ, ಹುಡುಗನಿಗೆ ಕಣ್ಣು ಮುಚ್ಚಲು ಹೇಳಿದ್ದಳು. ಇವತ್ತಿನಿಂದ ಹತ್ತು ವರ್ಷ ಆಗಿದೆ, ಒಂದು ಬೆಳಿಗ್ಗೆ ಏಳುತ್ತಿದ್ದೀಯ, ಕಿಟಕಿಯ ಆಚೆ ಏನಿದೆ, ಯಾರಿದ್ದಾರೆ, ನೋಡಿ ಹೇಳು. ಸತ್ಯಾತ್ಮ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದ. ರೆಪ್ಪೆಯ ಕೆಳಗೆ ಗುಡ್ಡೆ ಅತ್ತಿತ್ತ ಹುಡುಕಾಡುತ್ತಿತ್ತು. ಕೊನೆಗೆ “ಒಣ್ಣುಮೇ ಇಲ್ಲೆ, ಮಿಸ್” ಎಂದ. ಏನೂ ಇಲ್ಲ. ಮುಂದೆ ಏನೂ ಕಾಣದ ಮಕ್ಕಳಿಗೆ ಕಳೆದುಕೊಳ್ಳಲಿಕ್ಕೂ ಏನೂ ಇರುವುದಿಲ್ಲ ಸಾರ್, ಕುಡಿತಕ್ಕೂ ಹೊಡೆತಕ್ಕೂ ಅವರ ಕೈ ಬೇಗ ಏಳುತ್ತದೆ ಎಂದು ಆಮೇಲೆ ಅವಳು ವಿವರಿಸಿದಾಗ ವಿಷ್ಣುತೀರ್ಥ ಆಫೀಸಿನ ಮೀಟಿಂಗಿನಲ್ಲಿ ಆಡಿಸುವಂತೆ ತಲೆಯಾಡಿಸಿದ್ದ. ಅವಳು ಹುಡುಗನಿಗೆ ಹೇಳಿದಾಗ ತಾನೂ ಗುಟ್ಟಾಗಿ ಕಣ್ಣು ಮುಚ್ಚಿದ್ದ. ಅವನಿಗೆ ಎಲ್ಲ ಕಂಡಿತ್ತು. ಮಗ ಸಿ.ಎ. ಮುಗಿಸಿದ್ದಾನೆ, ಮೈಲಾಪುರದಲ್ಲಿ ಪರಿಚಯದ ಶಂಕರನಾರಾಯಣನ ಆಡಿಟ್ ಕಂಪೆನಿಯಲ್ಲಿ ಅವನಿಗೆ ಕಿಟಕಿಯ ಪಕ್ಕದ ಮೇಜು, ಮನೆಯಲ್ಲಿ ತೊಟ್ಟಿಲು, ಇಪ್ಪತ್ತೈದು ತುಂಬಿದ್ದಕ್ಕೆ ಪಾಲಿಸಿಯೂ ಕೈಗೆ ಬಂದಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆನ್ನುತ್ತಾರೆ. ಅವನು ಕುಲಾವಿ ಹೊಲಿಸಿ, ಮಡಿಸಿ, ಬೀರುವಿನಲ್ಲಿಟ್ಟು ಬೀಗವನ್ನೂ ಹಾಕಿದ್ದ. ಹುಡುಗನಿಗೆಂದು ಒಂದು ಬರಿದಾದ ಬೆಳಿಗ್ಗೆಯನ್ನಾದರೂ ಉಳಿಸಿದ್ದೆನೇ ಎಂದು ಅವತ್ತು ಒಂದು ಕ್ಷಣ ಅನುಮಾನ ಬಂದದ್ದು ನಿಜ. ಆದರೆ ಆ ಚಿಕ್ಕ ಕುರ್ಚಿಯಿಂದ ಏಳುವುದೇ ಒಂದು ಪಾಡಾಗಿ ಅದು ಅಲ್ಲಿಗೇ ನಿಂತಿತು.

ಬಾಗಿಲು ತೆರೆದು ಮಧ್ವರಾಜನ ಹೆಂಡತಿ ತುಂಗಾ ಬಂದಳು. ಒಂದು ಕೈಯಲ್ಲಿ ಇಡ್ಲಿಯ ತಟ್ಟೆ, ಇನ್ನೊಂದರಲ್ಲಿ ಸಾಂಬಾರಿನ ಚಿಕ್ಕ ಬಕೆಟ್ಟು. ಹಿಂದೆ ರಜತ್. ಕಣ್ಣಿಗೆ ಕಪ್ಪು ಕನ್ನಡಕ. ತಟ್ಟೆಯನ್ನು ತುಂಗಾ ಸತ್ಯಾತ್ಮನ ಮುಂದಿಟ್ಟಳು.

“ಅವನಿಗೂ ಇವತ್ತು ಏಕಾದಶಿ” ಎಂದ ವಿಷ್ಣುತೀರ್ಥ ಗಡಬಡಿಸಿ.

“ಮಕ್ಕಳಿಗೆಂತ ಏಕಾದಶಿ” ಎಂದಳು ಅವಳು, ಅವನನ್ನು ನೋಡದೆ. “ಬೆಳೆಯುವ ಮಕ್ಕಳು. ತಿನ್ನಲಿ, ಬಿಡಲಿ.”

ಸತ್ಯಾತ್ಮ ತಟ್ಟೆ ಮುಟ್ಟಲಿಲ್ಲ. ರಜತ್ ಎದುರಿಗೆ ಕೂತು ಕನ್ನಡಕ ತೆಗೆದ. ಎಡಗಣ್ಣಿನ ಬಿಳಿಯಲ್ಲಿ ಇನ್ನೂ ಕೆಂಪು ಉಳಿದಿತ್ತು. ಅದನ್ನು ಬಿಟ್ಟರೆ ಕಣ್ಣು ಕಣ್ಣಿನ ಹಾಗೆಯೇ ಇದೆಯಲ್ಲ ಎಂದು ವಿಷ್ಣುತೀರ್ಥ ಸಮಾಧಾನಪಟ್ಟುಕೊಳ್ಳುತ್ತಿರುವಾಗ ಹುಡುಗ ತಾನಾಗಿಯೇ, ಯಾರದೋ ಕಣ್ಣಿನ ವಿಷಯ ಹೇಳುವವನಂತೆ ಹೇಳಿದ: “ಬದಿಯದ್ದೆಲ್ಲ ಕಾಣ್ತದೆ ಅಂಕಲ್. ನಡುವಿನದ್ದು ಇಲ್ಲ. ಈಗ ಬಲಗಣ್ಣು ಮುಚ್ಚಿದ್ರೆ ನಿಮ್ಮ ಎರಡು ಕಿವಿ ಉಂಟು, ಮುಖ ಇಲ್ಲ.” ಮುಚ್ಚಿ ತೋರಿಸಿದ. ಮುಖವಿಲ್ಲದ ವಿಷ್ಣುತೀರ್ಥ ಮುಖದ ಬೆವರನ್ನು ಒರೆಸಿಕೊಂಡ.

“ಹಡಗಿಗೆ ಹೋಗ್ಬೇಕು ಅಂತ ಇದ್ದ” ಎಂದ ಮಧ್ವರಾಜ. “ಅದಕ್ಕೆ ಕಣ್ಣು ಪಕ್ಕಾ ಬೇಕಂತೆ. ಇರ್ಲಿ. ಹೇಳಪ್ಪ ನೀನು.”

ಸತ್ಯಾತ್ಮ ಇಡ್ಲಿಯನ್ನು ನೋಡುತ್ತಿದ್ದ. ಹೊರಗೆ ಯಾರೋ ಎರಡು ಪೊಂಗಲ್ ಎಂದು ಕೂಗಿದರು. ಕೈ ಜಾರ್ತು ಅನ್ನೋ ಎಂದು ವಿಷ್ಣುತೀರ್ಥ ಮನಸ್ಸಿನಲ್ಲೇ ಮರಳಿ ಮರಳಿ ಹೇಳಿದ. ಅಷ್ಟು ಚಿಕ್ಕ ಮಾತು. ಯಾರ ಕೈ ಜಾರುವುದಿಲ್ಲ. ಕೊನೆಗೆ ಅವನೇ ಬಾಯಿ ತೆರೆಯುವ ಹೊತ್ತಿಗೆ ರಜತ್ “ಅವ ಹೇಳುದಿಲ್ಲ ಪಪ್ಪಾ, ನಾನೇ ಹೇಳ್ತೇನೆ” ಎಂದ.

ಹುಡುಗನಿಗೆ ಹೇಳುವುದು ಇಷ್ಟವಿತ್ತು. ಎರಡು ವಾರ ಕತ್ತಲು ಕೋಣೆಯಲ್ಲಿ ಒಬ್ಬನೇ ಮಲಗಿದ್ದವನು. ಕ್ಲಾಸಿನ ಸಂದೇಶ್ ಯಾರೋ ಸೀನಿಯರ್ ಕೈಯಲ್ಲಿ ಬೀರೂ ಒಂದು ಬಾಟಲು ಬ್ರಾಂದಿಯೂ ತರಿಸಿದ್ದ, ಮೂವರೂ ಮರಳಿನಲ್ಲಿ ಮೀನುಗಾರರ ದೋಣಿಯ ಮರೆಗೆ ಕೂತಿದ್ದರು. “ಇವ ಬೀರ್ ಮುಟ್ಟಲೇ ಇಲ್ಲ ಅಂಕಲ್. ಎಂತ ಹೇಳಿದ್ರೂ ಇಲ್ಲ. ಇವತ್ತು ಏಕಾದಶಿ, ಬೀರ್ ಬಾರ್ಲಿದು, ಬಾರ್ಲಿ ಧಾನ್ಯ, ಅಂತ!” ರಜತನಿಗೆ ಈಗಲೂ ನಗು ಬಂತು. “ಆಮೇಲೆ ಬ್ರಾಂದಿ ಬಾಟ್ಲು ತೆಕ್ಕೊಂಡು ಲೇಬಲ್ ಪೂರಾ ಓದಿದ. ದ್ರಾಕ್ಷಿ ಅಂತ ಇತ್ತು. ಇದು ಹಣ್ಣು, ಇದು ಆಗ್ತದೆ ಅಂದ. ಬೆಳಿಗ್ಗೆಯಿಂದ ನೀರೂ ಕುಡೀಲಿಲ್ಲ ಇವ. ಖಾಲಿ ಹೊಟ್ಟೆಗೆ, ಹಾಗೇ.”

ಬಾರ್ಲಿ ಧಾನ್ಯವೆಂದು ಅವನಿಗೆ ಯಾರು ಹೇಳಿಕೊಟ್ಟರು? ಸತ್ಯಾತ್ಮನಿಗೆ ಎಂಟು ವರ್ಷವಿರುವಾಗ ಜ್ವರ ಬಂದಿತ್ತು, ಏಕಾದಶಿಯ ದಿನ. ಜಯಲಕ್ಷ್ಮೀ ಬಾರ್ಲಿ ಗಂಜಿ ಕಾಯಿಸಿ ತಂದು ಚಮಚ ಬಾಯಿಯ ಹತ್ತಿರ ಒಯ್ದಿದ್ದಳು. ವಿಷ್ಣುತೀರ್ಥ ಪೂಜೆಯ ಕೋಣೆಯಿಂದಲೇ, ಅದು ಧಾನ್ಯ ಕಣೇ, ಇವತ್ತು ಬೇಡ, ದ್ರಾಕ್ಷಿ ಹಿಂಡಿ ಕೊಡು, ಹಣ್ಣಿಗೆ ದೋಷವಿಲ್ಲ ಎಂದು ಕೂಗಿದ್ದ. ಹುಡುಗ ಒಣಗಿದ ತುಟಿಯನ್ನು ಚಮಚದಿಂದ ಹಿಂದಕ್ಕೆ ಎಳೆದುಕೊಂಡು ಕಾದಿದ್ದ, ದ್ರಾಕ್ಷಿ ಬರುವ ತನಕ. ಮರೆತೇಹೋಗಿದ್ದ ಆ ಮಧ್ಯಾಹ್ನ, ಹುಡುಗನ ಕೆಂಡದಂಥ ಹಣೆ, ಗೋಡೆಯ ಮೇಲೆ ಆಡುತ್ತಿದ್ದ ಬಿಸಿಲು, ಎಲ್ಲ ಒಮ್ಮೆಲೇ ಬಂದುವು. ಅವನು ಮರೆತಿಲ್ಲ. ಈ ಊರಿನಲ್ಲಿ, ಇಂಥ ಗೆಳೆಯರ ನಡುವೆ, ಕುಡಿಯಲು ಕೂತಾಗಲೂ ಮರೆತಿಲ್ಲ. ವಿಷ್ಣುತೀರ್ಥನ ಎದೆಯೊಳಗೆ ಏನೋ ಮೆಲ್ಲಗೆ ಅರಳಿತು. ಸಾಲ್ಟ್ ಬಿಸ್ಕತ್ತು ತಿನ್ನದೆ ಆಫೀಸಿನ ಪಾರ್ಟಿಗಳಲ್ಲಿ ನಗೆಪಾಟಲಾದದ್ದೂ, ಉಪವಾಸದ ದಿನ ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತದ್ದೂ ಯಾವುದೂ ವ್ಯರ್ಥವಾಗಲಿಲ್ಲ ಅನ್ನಿಸಿತು. ಅದು ಹೆಮ್ಮೆ. ಬೇರೆ ಹೆಸರು ಅದಕ್ಕಿರಲಿಲ್ಲ.

ತುಂಗಾ ತನ್ನನ್ನೇ ನೋಡುತ್ತಿದ್ದಾಳೆಂದು ತಿಳಿದಾಗಲೇ ತಾನು ನಗುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು. ತುಟಿಗಳನ್ನು ಕೂಡಿಸಿದ. ಕೆನ್ನೆಯ ಮೇಲೆದ್ದದ್ದು ಇಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ರಜತ್ ಮಾತು ಮುಂದುವರಿಸಿದ್ದ. “ಮತ್ತೆ ನಾನು ಹಡಗಿನ ವಿಷಯ ಹೇಳ್ತಾ ಇದ್ದೆ. ಟ್ರೈನಿಂಗು, ಆಮೇಲೆ ಯಾವ ಯಾವ ಪೋರ್ಟು, ಎಲ್ಲ. ಹೇಳಿ, ನೀನೆಂತ ಮಾಡ್ತೀಯ ಅಂತ ಕೇಳಿದೆ. ಅಷ್ಟೇ ಅಂಕಲ್. ಒಂದು ಸಲ ಕೇಳಿದೆ, ಇವ ಸುಮ್ಮನಿದ್ದ. ಇನ್ನೊಂದು ಸಲ ಕೇಳಿದೆ.” ಅವನು ಅಲ್ಲಿಗೇ ನಿಲ್ಲಿಸಿದ.

“ನಿಮಗೆ ನಗು ಬಂತಲ್ಲ” ಎಂದ ಮಧ್ವರಾಜ.

“ಅಯ್ಯೋ, ಇಲ್ಲ, ಅದಕ್ಕಲ್ಲ...”

“ಎಂತಕ್ಕೆ ಬಂತು ಅಂತ ನನಗೆ ಗೊತ್ತುಂಟು. ನಾನೂ ಉಪವಾಸ ಮಾಡುವವನೇ.” ಅವನ ದನಿ ಏರಲಿಲ್ಲ. ಗಿರಾಕಿಗೆ ಇಡ್ಲಿ ಮುಗಿಯಿತೆಂದು ಹೇಳುವ ಹಾಗೆ ಹೇಳಿದ. “ನನ್ನ ಮಗನ ಕಣ್ಣು ನಿಮ್ಮ ಎದುರಿಗೇ ಉಂಟು. ನಿಮಗೆ ಕಂಡದ್ದು ಬಾರ್ಲಿ. ನಾಳೆ ಪಾರಣೆ ಆದ ಮೇಲೆ ಶಾಲೆಗೆ ಹೋಗಿ ಬರೆದು ಕೊಡ್ತೇನೆ. ನಿಮ್ಮ ಹುಡುಗನ ಮೇಲೆ ಸಿಟ್ಟಿಂದ ಅಲ್ಲ.”

“ಸಾರ್, ಒಂದು ನಿಮಿಷ. ಅವನಿಗೆ ಬಾಟ್ಲು ಕೈ ಜಾರ್ತು, ಅವನೇ ಹೇಳ್ತಾನೆ. ಹೇಳೋ, ಸತ್ಯಾ!”

ಸತ್ಯಾತ್ಮ ತಲೆಯೆತ್ತಿದ. ಅವನು ನೋಡಿದ್ದು ಅಪ್ಪನನ್ನಲ್ಲ, ರಜತನನ್ನು. ತುಟಿ ಒಂದೆರಡು ಸಲ ಸುಮ್ಮನೆ ಅಲುಗಿತು, ಪರಿಚಯವಿಲ್ಲದ ಬೀಗಕ್ಕೆ ಕೀಲಿ ಹಾಕಿ ನೋಡುವವರ ಹಾಗೆ. ಆಮೇಲೆ ಮಾತು ಕನ್ನಡದಲ್ಲಿ ಬಂತು.

“ಜಾರ್ಲಿಲ್ಲ. ನಾನು ಬೇಕೂಂತ ಹೊಡ್ದೆ. ನೀನು ಕೇಳ್ದೆ ಅಲ್ವಾ, ನಂಗೆ ಏನೂ ಇರ್ಲಿಲ್ಲ, ಹೇಳಕ್ಕೆ. ನಿಂಗೆ ಅವ್ಳೋ, ಅಷ್ಟೊಂದು ಇತ್ತು. ಅದಕ್ಕೇ ಹೊಡ್ದೆ.”

ರಜತ್ ಕಪ್ಪು ಕನ್ನಡಕವನ್ನು ಮಡಿಸಿದ, ಬಿಡಿಸಿದ, ಮತ್ತೆ ಹಾಕಿಕೊಂಡ. ಮಧ್ವರಾಜ ಎದ್ದು ನಿಂತವನು ಕುರ್ಚಿಯ ಬೆನ್ನು ಹಿಡಿದುಕೊಂಡು ಒಂದು ಗಳಿಗೆ ಹಾಗೇ ಇದ್ದು, ಹೊರಗೆ ಗಲ್ಲಾದ ಹತ್ತಿರ ಯಾರೋ ಕರೆದರೆಂದು ಹೋದ. ಯಾರೂ ಕರೆದಿರಲಿಲ್ಲ. ಎಲ್ಲ ಮುಗಿಯಿತು ಎಂದು ವಿಷ್ಣುತೀರ್ಥನಿಗೆ ತಿಳಿಯಿತು. ಟಿ.ಸಿ., ಪರೀಕ್ಷೆ, ಮೈಲಾಪುರದ ಕಿಟಕಿ, ತೊಟ್ಟಿಲು. ಅಭ್ಯಾಸಬಲದಿಂದ ಮುಂದಿನ ವರ್ಷವನ್ನು ಕಣ್ಣ ಮುಂದೆ ತಂದುಕೊಳ್ಳಲು ಹೋದ. ಬದಿಯಲ್ಲಿ ಏನೇನೋ ಇತ್ತು, ನಡುವೆ ಮಗನಿರಬೇಕಾದ ಕಡೆ ಬರೀ ಬಿಳಿ. ಹಾಗಿದ್ದರೂ ಮನಸ್ಸಿಗೆ ವಿಚಿತ್ರವಾಗಿ ನೋವಾದದ್ದು ಅದಕ್ಕಲ್ಲ. ಹುಡುಗ ಇಷ್ಟು ಕನ್ನಡವನ್ನು ಒಟ್ಟಿಗೆ ಆಡಿದ್ದು ತನ್ನ ಹತ್ತಿರ ಅಲ್ಲವಲ್ಲ ಎಂದು.

ಸತ್ಯಾತ್ಮ ಇಡ್ಲಿಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಒಂದು ಚೂರು ಮುರಿದು, ಬೆರಳುಗಳ ನಡುವೆ ಅದನ್ನು ಸ್ವಲ್ಪ ಹೊತ್ತು ಹಿಡಿದಿದ್ದು, ಬಾಯಿಗಿಟ್ಟ. ಅಗಿದ, ನುಂಗಿದ. ಹಸಿದವರ ಆತುರವಿರಲಿಲ್ಲ, ರೇಗಿಸುವ ಹಟವೂ ಇರಲಿಲ್ಲ. ವಿಷ್ಣುತೀರ್ಥನಿಗೆ ಆಗ ಹೇಳಬಹುದಾದ ಮಾತುಗಳು ಎಷ್ಟೋ ಇದ್ದವು. ಮಗನ ಬೆನ್ನ ಮೇಲೆ ಕೈಯಿಡಬಹುದಿತ್ತು. ಎದುರಿಗೆ ಕೂತ ಹುಡುಗನ ಹತ್ತಿರ, ತಪ್ಪಾಯಿತಪ್ಪಾ, ನಗಬಾರದಿತ್ತು ಎನ್ನಬಹುದಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

“ಇವತ್ತು ಏಕಾದಶಿ ಕಣೋ” ಎಂದ.

ತುಂಗಾ ತಿರುಗಿ ಅವನನ್ನು ನೋಡಿದಳು. ಅಷ್ಟು ಹೊತ್ತು ಇದ್ದ ಸಿಟ್ಟು ಅವಳ ಮುಖದಲ್ಲಿ ಈಗ ಇರಲಿಲ್ಲ. ಅದಕ್ಕಿಂತ ಕಡಿಮೆಯಾದದ್ದೇನೋ, ಕನಿಕರದಂಥದ್ದು, ಇತ್ತು.

“ಗೊತ್ತು” ಎಂದ ಸತ್ಯಾತ್ಮ, ಎರಡನೆಯ ಇಡ್ಲಿಗೆ ಕೈ ಹಾಕುತ್ತ.

ಅವಳು ಬಕೆಟ್ಟಿನಿಂದ ಒಂದು ಸೌಟು ಸಾಂಬಾರು ಎತ್ತಿದಳು. ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು. ಉಳಿದದ್ದನ್ನು ಹುಡುಗನ ತಟ್ಟೆಗೆ ಬಡಿಸಿದಳು.